ಮೂರು ತುಂಡಾದ ಮದುವೆ

ಮಕ್ಕಳೇ, ನಿಮ್ಮ ಅಜ್ಜಿಗೆ ನಾಚಿಕೆ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅನುಮಾನ ಇನ್ನೂ ಹೆಚ್ಚು. ಬಾಯಿಬಿಟ್ಟು ಕೇಳಲು ನಾಚುವವಳು ಒಳಗೊಳಗೇ ಅನುಮಾನಪಡದೆ ಮತ್ತೇನು ಮಾಡಬೇಕು? ಕುಕ್ಕುವಾಡದಲ್ಲಿ ಹಿಟ್ಟಿನ ಗಿರಣಿಗೆ ಹೋದರೆ, ನಮ್ಮ ಜೋಳ ಹಿಟ್ಟಾಗಿ ಬೀಳುವ ತನಕ ಡಬ್ಬಿಯ ಮೇಲಿಂದ ಕಣ್ಣು ತೆಗೆಯಬಾರದೆಂದು ನನ್ನವ್ವ ಕಲಿಸಿದ್ದಳು. ಶಾಲೆಯಲ್ಲಿ ಕಲಿತದ್ದು ಮರೆತಿದೆ, ಅದು ಮರೆತಿಲ್ಲ.

ನಿಮ್ಮ ಅಮ್ಮನ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ನಿಮ್ಮ ಅಜ್ಜನ ದನಿ ಉಳಿದಿರುವುದು ಅದೊಂದರಲ್ಲೇ. ಅದೂ ಕೊನೆಯಲ್ಲಿ, ಊಟದ ಹೊತ್ತಿನ ನಾಲ್ಕು ಮಾತು. ಏನು ಮಾತೋ ನನಗೆ ನೆನಪಿರಲಿಲ್ಲ. ಹರಿಹರದ ಸ್ಟುಡಿಯೋ ಬಸಣ್ಣ ಅದನ್ನು ಕಂಪ್ಯೂಟರಿಗೆ ಇಳಿಸಿ, ಒಂದೇ ದೊಡ್ಡ ಫೈಲಾಗಿ ಹಾರ್ಡ್‌ಡಿಸ್ಕಿಗೆ ತುಂಬಿಕೊಟ್ಟ. ಶಾಮನೂರಿನ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಮದುವೆ ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಚೆನ್ನಾಗಿ ಓಡಿ ನಿಂತುಬಿಟ್ಟಿತು. ನಾಲ್ಕು ಸಲ ಹಾಕಿದೆ; ನಾಲ್ಕು ಸಲವೂ ಅದೇ ಅಕ್ಕಿಕಾಳು. ಊಟ ಇಲ್ಲ, ಅಜ್ಜ ಇಲ್ಲ. ಅರ್ಧ ಕೆಲಸ ಮಾಡಿ ಕೈತೊಳೆದುಕೊಂಡಿದ್ದಾನೆ ಎಂದುಕೊಂಡು ಹರಿಹರದ ಬಸ್ಸು ಹತ್ತಿದೆ.

ನನ್ನನ್ನು ಕಂಡೊಡನೆ ಬಸಣ್ಣ ಸ್ಟೂಲಿನ ಮೇಲಿದ್ದ ತನ್ನ ಊಟದ ಚೀಲವನ್ನು ಎತ್ತಿ ಕಪಾಟಿನ ನೆತ್ತಿಯ ಮೇಲಿಟ್ಟ. "ಬರ್ರಿ ಅಮ್ಮಾರೆ, ಕೂಡ್ರಿ." ಜಾಗ ಮಾಡಿಕೊಟ್ಟನಲ್ಲ ಎಂದು ಕೂತೆ.

"ಉಳಿದ ಮದುವೆ ಎಲ್ಲಿಟ್ಟೀಯಪ್ಪಾ?"

"ಎಲ್ಲಾ ಅದರಾಗೇ ಐತ್ರಿ. ನಿಮ್ಮ ಕಂಪ್ಯೂಟರಿನ ಪ್ರೋಗ್ರಾಂ ಹಳೇದು. ಎರಡು ಜಿಬಿ ದಾಟಿದ್ರೆ ಅದಕ್ಕೆ ಮುಂದೆ ಎಣಿಸಾಕೆ ಬರಲ್ಲ. ಇಷ್ಟು ದೊಡ್ಡ ಫೈಲ್ ಬರ್ತಾವೆ ಅಂತ ಬರೆದೋರಿಗೆ ಆಗ ಎಲ್ಲಿ ಗೊತ್ತಿತ್ತು? ನನ್ನ ಕಂಪ್ಯೂಟರಿನಾಗೆ ತೋರಿಸ್ಲೇನು?"

ಅಂಗಡಿಯಲ್ಲಿ, ಕಂಡವರ ಮುಂದೆ, ಗಂಡನ ದನಿ! "ಬ್ಯಾಡ" ಎಂದೆ. ಹತ್ತರ ಮಗ್ಗಿಯಾಚೆ ಹೋಗದ ನನಗೆ ಆ ಪ್ರೋಗ್ರಾಮಿನ ಮೇಲೆ ಕನಿಕರ ಹುಟ್ಟಿತು. ಬಸಣ್ಣನ ಮೇಲೆ ಹುಟ್ಟಲಿಲ್ಲ.

"ಹಂಗಾದ್ರೆ ಮೂರು ತುಂಡು ಮಾಡಿ ಕೊಡ್ತೀನ್ರಿ. ಸಂಜಿಗೆ ಬರ್ರಿ."

"ನನ್ನ ಮುಂದೇ ಮಾಡು."

ಎರಡು ತಾಸು ಗಿರಣಿಯಲ್ಲಿ ಕೂತಂತೆ ಕೂತೆ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳುತ್ತಿತ್ತು. "ಕತ್ತರಿಸುವಾಗ ಚೂರುಪಾರು ಉದುರಲ್ಲ ತಾನೇ?" ಎಂದೆ. ಬಸಣ್ಣ ಆ ಕಡೆ ತಿರುಗಿ ಕೆಮ್ಮಿದ.

ಮನೆಗೆ ಬಂದವಳೇ ಮೂರನೆಯ ತುಂಡು ಹಾಕಿದೆ. ಊಟದ ಪಂಕ್ತಿ ಕಂಡಿತು, ಅಡುಗೆಕೋಣೆ ಕಂಡಿತು. ಮೂಲೆಯಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬಳು ಅಡುಗೆಯವನ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟಿದ್ದಾಳೆ. ನಾನೇ! ಹಿಂದಿನಿಂದ ನಿಮ್ಮ ಅಜ್ಜನ ದನಿ: "ನೋಡ್ರಿ ನೋಡ್ರಿ! ಮಗಳ ಮದುವೆ ಅತ್ಲಾಗೆ, ನಮ್ಮಾಕೆ ಇತ್ಲಾಗೆ! ಏನ್ ಸಿಕ್ತೇ, ಲಾಡೂನಾ?"

"ಅವನ ಅಂಗಿ," ಎನ್ನುತ್ತೇನೆ ನಾನು.

ಆಮೇಲೆ ಅವರ ನಗು, ಕ್ಯಾಸೆಟ್ಟು ಮುಗಿಯುವವರೆಗೂ.

ಆ ನಗುವನ್ನು ಎಷ್ಟು ಸಲ ಕೇಳಿದೆನೋ. ಕಣ್ಣೊರೆಸಿಕೊಳ್ಳುವಾಗ ಹೊಸದೊಂದು ಅನುಮಾನ ಹತ್ತಿತು. ಕ್ಯಾಸೆಟ್ಟು ಇಳಿಸುವಾಗ ಬಸಣ್ಣ ಇದನ್ನೆಲ್ಲ ನೋಡಿಯೇ ಇರಬೇಕು. ಹಾಗಾದರೆ ಅವನು ಚೀಲ ಎತ್ತಿಟ್ಟದ್ದು ನನಗೆ ಕೂರಲು ಜಾಗ ಮಾಡುವುದಕ್ಕಲ್ಲ.