ಅಮಾವಾಸ್ಯೆಯ ಎಣ್ಣೆ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಅಮಾವಾಸ್ಯೆ ಯಾವಾಗ ಎಂದು ತಿಳಿಯಲು ಯಾರೂ ಪಂಚಾಂಗ ತೆಗೆಯುತ್ತಿರಲಿಲ್ಲ. ನಮ್ಮ ಮಾಮಾ ಕಾರಿನ ಕೆಳಗೆ ಅಂಗಾತ ಮಲಗಿದ್ದರೆ ಅಮಾವಾಸ್ಯೆ. ಮಲಗಿಲ್ಲವೆಂದರೆ ಬೇರೆ ಯಾವುದೋ ತಿಥಿ! ಕಾರಿನ ಕೆಳಗಿಂದ ಹೊರಚಾಚಿದ ಆ ಎರಡು ಕಾಲುಗಳನ್ನು ನೋಡಿಯೇ ಎದುರು ಮನೆಯವರು ಹೋಳಿಗೆಗೆ ಬೇಳೆ ಬೇಯಲು ಇಡುತ್ತಿದ್ದರು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಹೆಸರು ಬೇಡ, ಅವನು ಸೋಲಿಸಿಕೊಟ್ಟ ಕಕ್ಷಿದಾರರ ಮೊಮ್ಮಕ್ಕಳು ಇನ್ನೂ ಆ ಊರಿನಲ್ಲಿದ್ದಾರೆ. ಅಜ್ಜ, ಮುತ್ತಜ್ಜ ಎಲ್ಲ ಪೌರೋಹಿತ್ಯ ಮಾಡಿದವರು. ಇವನು ವಕೀಲನಾದ. ಜನಿವಾರದ ಮೇಲೆ ಕರಿ ಕೋಟು ಬಂತೇ ಹೊರತು ಒಳಗಿದ್ದ ಪುರೋಹಿತ ಎಲ್ಲಿಗೂ ಹೋಗಿರಲಿಲ್ಲ. ನಾನು ಅಲ್ಲಿಯ ಸಾಲೆಯಲ್ಲಿ ಮಾಸ್ತರನಾಗಿ ಅವನ ಮನೆಯಲ್ಲಿಯೇ ಉಂಡುಕೊಂಡಿದ್ದೆ. ಆದ್ದರಿಂದ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು.

ಸಾಹೇಬರು ಗಂಟುಮೂಟೆ ಕಟ್ಟಿ ವಿಲಾಯತಿಯ ಹಡಗು ಹತ್ತಿದ ಕಾಲ ಅದು. ಬೆಳಗಾವಿಯ ಕ್ಯಾಂಪಿನಲ್ಲಿ ಒಬ್ಬರ ಕಪಾಟು, ಇನ್ನೊಬ್ಬರ ನಾಯಿ, ಎಲ್ಲ ಮಾರಾಟಕ್ಕಿದ್ದವು. ಬುದ್ಧಿ ಇದ್ದವರು ಕಪಾಟು ತಂದರು. ಮಾಮಾ ತಂದದ್ದು ಒಂದು ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಮುಚ್ಚಿಗೆಯಿಲ್ಲ, ಮೂತಿ ಮಾತ್ರ ಗಜ ಉದ್ದ. ಹಣೆಗೆ ಅಂಗಾರ-ಅಕ್ಷತೆ ಹಚ್ಚಿ, ರುಮಾಲು ಸುತ್ತಿ ಅದರಲ್ಲಿ ಕುಳಿತರೆ ಮೊಮ್ಮಗನ ತೊಟ್ಟಿಲಲ್ಲಿ ಅಜ್ಜ ಕುಳಿತಂತೆ ಕಾಣುತ್ತಿದ್ದ. ಹೀಗೆಂದು ಓಣಿಗೆಲ್ಲ ಗೊತ್ತಿತ್ತು, ಅವನಿಗೊಬ್ಬನಿಗೆ ಬಿಟ್ಟು.

ಮಾರಿದ ಸಾಹೇಬ ಹೋಗುವ ಮುಂಚೆ ಒಂದು ಮಾತು ಹೇಳಿದ್ದನಂತೆ: ಎಂಜಿನ್ ಹಳೆಯದು, ಇಷ್ಟು ಮೈಲಿ ಓಡಿದ ಮೇಲೆ ಎಣ್ಣೆ ಬದಲಿಸುತ್ತಿರಬೇಕು. ಆದರೆ ಮೈಲಿ ತೋರಿಸುವ ಮುಳ್ಳು ಎಂದೋ ಸತ್ತುಹೋಗಿತ್ತು. ನಾನೋ ನೀವೋ ಆಗಿದ್ದರೆ ಏನು ಮಾಡುತ್ತಿದ್ದೆವು? ಮುಳ್ಳು ದುರಸ್ತಿ ಮಾಡಿಸುತ್ತಿದ್ದೆವು. ಮಾಮಾ ಪಂಚಾಂಗ ತೆಗೆದ!

"ಮೈಲಿ ಸಾಹೇಬರ ಲೆಕ್ಕ, ತಿಥಿ ನಮ್ಮ ಲೆಕ್ಕ. ಅಡಗಿ ಹೊತ್ತು ಹೋದಾಂಗ ಹಳಸ್ತದ. ಎಣ್ಣಿಗೂ ಅದ ನ್ಯಾಯ" ಎಂದ.

ಕಾರು ಅಂಗಳ ಬಿಟ್ಟು ಹೋಗಿಯೇ ಇಲ್ಲವಲ್ಲ, ಎಣ್ಣೆ ಹೇಗೆ ಕೆಟ್ಟಿತು ಎಂದು ಕೇಳಿದೆ. ವಕೀಲನಿಗೆ ಉತ್ತರಕ್ಕೇನು ಬರ? "ಮನ್ಯಾಗ ಕೂತವರಿಗೆ ಅಭ್ಯಂಜನ ಬ್ಯಾಡೇನು?" ಎಂದ.

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಹಳೆಯ ಎಣ್ಣೆ ಇಳಿಸುವುದು, ಹೊಸದು ತುಂಬುವುದು. ಗ್ರಹಣ ಬಂದರೆ ಇನ್ನೊಂದು ಸಲ. ಗ್ರಹಣ ಹಿಡಿಯುವ ಮೊದಲು ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಡುತ್ತಾರಲ್ಲ, ಹಾಗೆ ಎಂಜಿನ್ನಿನ ಮೇಲೂ ಎರಡು ದರ್ಭೆ ಇಡುತ್ತಿದ್ದ. ಇಟ್ಟರೂ ಗ್ರಹಣ ಬಿಟ್ಟ ಮೇಲೆ ಎಣ್ಣೆ ಚೆಲ್ಲುತ್ತಿದ್ದ! ಹಾಗಾದರೆ ದರ್ಭೆ ಏತಕ್ಕೆ? ಕೇಳಬೇಡಿ. ನಾನು ಕೇಳಿ ಒಂದು ಸಂಜೆ ಪೂರ್ತಿ ಕಳೆದುಕೊಂಡಿದ್ದೇನೆ.

ಚೆಲ್ಲುತ್ತಿದ್ದ ಎಂದೆನಲ್ಲ, ಅದು ತಪ್ಪು. ಒಂದು ಹನಿ ಚೆಲ್ಲಲು ನಮ್ಮ ಓಣಿಯ ಗಾಡಿಕಾರ ಬಿಡುತ್ತಿರಲಿಲ್ಲ. ಪೇಟೆಗೆ ಹತ್ತಿ ಹೇರುವ ಮನುಷ್ಯ. ಅಮಾವಾಸ್ಯೆಯ ಬೆಳಿಗ್ಗೆ ಕೊಡ ಹಿಡಿದು ಬಾಗಿಲಲ್ಲಿ ಹಾಜರಿರುತ್ತಿದ್ದ. ಜೇನಿನಂಥ ಆ ಎಣ್ಣೆ ಅವನ ಗಾಡಿಯ ಗಾಲಿಗೆ ಹೋಗುತ್ತಿತ್ತು. ಒಮ್ಮೆ ನನ್ನ ಕಿವಿಯಲ್ಲಿ, "ರಾಯರ ಗಾಡಿ ನಿಂತಷ್ಟೂ ನಮ್ಮ ಗಾಡಿ ಓಡತೈತ್ರಿ. ದೇವರು ಹಿಂಗ ಇಟ್ಟಿರಲಿ" ಎಂದ.

ಕಾರು ಏಕೆ ನಿಲ್ಲುತ್ತಿತ್ತು ಎಂಬುದಕ್ಕೂ ಶಾಸ್ತ್ರವಿತ್ತು. ಹೊಸ ಎಣ್ಣೆ ಎಂಜಿನ್ನಿನಲ್ಲಿ "ಕೂಡಲು", ಎಂದರೆ ಕುಳಿತು ನೆಲೆಯಾಗಲು, ಒಂದು ವಾರ ಬೇಕು. ಅಷ್ಟರೊಳಗೆ ಓಡಿಸಿದರೆ ಪಾಪ. ಹುಣ್ಣಿಮೆ ಕಳೆದ ಮೇಲೆ ಎಣ್ಣೆ ಮುಪ್ಪಾಗತೊಡಗುತ್ತದೆ. ಆಗ ದೂರ ಒಯ್ದರೆ ಅಪಾಯ. ನಡುವೆ ಉಳಿದ ಏಳೆಂಟು ದಿನಗಳಲ್ಲಿ ಏಕಾದಶಿ, ಮಂಗಳವಾರ, ಯಾರದೋ ಸೂತಕ! ಸವದತ್ತಿಯ ಕೋರ್ಟಿನಲ್ಲಿ ಕೆಲಸವಿದ್ದರೆ ಈ ಕಾರಿನ ಧಣಿ ಬಸ್ಸಿನಲ್ಲಿ, ಕೋಳಿ ಬುಟ್ಟಿಯ ಪಕ್ಕದಲ್ಲಿ ನಿಂತು ಹೋಗುತ್ತಿದ್ದ. ಹೋಗುವ ಮುಂಚೆ ಕಾರಿನ ಧೂಳು ಒರೆಸಿಯೇ ಹೋಗುತ್ತಿದ್ದ.

ನಾನು ಅದರಲ್ಲಿ ಕುಳಿತದ್ದು ಒಂದೇ ಸಲ, ಕಿತ್ತೂರಿನಲ್ಲೊಂದು ಮದುವೆಗೆ. ಕುಳಿತೆ ಎನ್ನಬಹುದೇ? ಎರಡನೆಯ ಸೀಟು ಮೊದಲಿನಿಂದಲೂ ಎಣ್ಣೆಯ ಡಬ್ಬಿಯದು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುವ ಕರಾರಿನ ಮೇಲೆ ನನಗೆ ಜಾಗ ಸಿಕ್ಕಿತು. ಸ್ವಲ್ಪ ದೂರ ಹೋದರೆ ನಿಲ್ಲಿಸುವುದು. ಎಣ್ಣೆ ನೋಡುವ ಕಡ್ಡಿ ಹಿರಿದು, ಬಿಸಿಲಿಗೆ ಹಿಡಿದು, ಮೂಸಿ, ಎರಡು ಬೆರಳಲ್ಲಿ ತಿಕ್ಕಿ ತುಪ್ಪ ಪರೀಕ್ಷಿಸುವವನಂತೆ ತಲೆದೂಗುವುದು. ಮತ್ತೆ ಹೊರಡುವುದು. ಎತ್ತಿನ ಗಾಡಿಗಳು ನಮ್ಮನ್ನು ಹಿಂದೆ ಹಾಕಿದವು. ಕಿತ್ತೂರು ಮುಟ್ಟಿದಾಗ ಅಕ್ಷತೆ ಬಿದ್ದು, ಊಟವಾಗಿ, ಎಲೆ ಎತ್ತಿದ್ದರು. ನಮಗೆ ಮಜ್ಜಿಗೆ ಸಿಕ್ಕಿತು. ಎಂಜಿನ್ ಸ್ವಲ್ಪವೂ ಕಾದಿಲ್ಲವೆಂದು ಮಾಮಾ ಹಿಗ್ಗಿಹೋದ.

ಇಲ್ಲಿಯವರೆಗೆ ನಗಬಹುದು. ಆದರೆ ಮಾಮಿಯ ವಿಷಯ ಬಂದಾಗ ನನಗೆ ನಗು ಬರುತ್ತಿರಲಿಲ್ಲ, ಸಿಟ್ಟೇ ಬರುತ್ತಿತ್ತು. ಅವಳ ತವರು ಕಟಕೋಳ. ಅಲ್ಲಿ ಮುಪ್ಪಿನ ತಾಯಿ. ಮಾಮಿಗೆ ಬಸ್ಸು ಆಗದು. ಹತ್ತಿದೊಡನೆ ವಾಂತಿ, ಇಳಿದ ಮೇಲೆ ಎರಡು ದಿನ ಜ್ವರ. ಚಕ್ಕಡಿಯಲ್ಲಿ ಹೋಗೋಣವೆಂದರೆ ದೂರದ ಹಾದಿ, ನಡು ಗಟ್ಟಿಯಿಲ್ಲ. ಹೀಗಾಗಿ ತಾಯಿಯ ಮುಖ ನೋಡಿ ವರ್ಷಗಳೇ ಆಗಿದ್ದವು. ಗಾಳಿ ಆಡುವ ಈ ಮುಚ್ಚಿಗೆಯಿಲ್ಲದ ಕಾರಿನಲ್ಲಿ ಹೋಗಬಹುದೆಂದು ಪಾಪ, ಅದು ಬಂದ ದಿನದಿಂದ ಆಸೆ ಹೊತ್ತಿದ್ದಳು.

ಹೆಣ್ಣುಮಕ್ಕಳು ತವರಿಗೆ ಹೋಗುವುದು ಯಾವಾಗ? ಪಂಚಮಿಗೆ, ದೀಪಾವಳಿಗೆ, ಯುಗಾದಿಗೆ. ಮೂರೂ ಬರುವುದು ಎಲ್ಲಿ? ಅಮಾವಾಸ್ಯೆಯ ಬೆನ್ನಿಗೆ! ಪ್ರತಿ ಹಬ್ಬಕ್ಕೂ ಮಾಮಿ ಕೇಳುವುದು, ಎಣ್ಣೆ ಇನ್ನೂ ಕೂತಿಲ್ಲವೆಂದು ಮಾಮಾ ಹೇಳುವುದು. ಒಮ್ಮೆ ಮಾತ್ರ ಅವಳು ಲಟ್ಟಣಿಗೆ ಕೆಳಗಿಟ್ಟು ತಿರುಗಿ ನಿಂತಳು.

"ಎಣ್ಣಿ ಕೂಡ್ತದ, ಕಾರೂ ಕೂಡ್ತದ, ನಾನೂ ಕೂಡ್ತೀನಿ. ನಮ್ಮವ್ವ ಇನ್ನ ಎಷ್ಟು ದಿನ ಕೂಡ್ತಾಳ ಹೇಳ್ರಿ."

ಮಾಮಾ ಎದ್ದು ಕಾರಿನ ಧೂಳು ಒರೆಸಲು ಹೋದ. ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ?

ಒಂದು ವರ್ಷ ನಾಗರ ಅಮಾವಾಸ್ಯೆ ಶನಿವಾರ ಬಂತು. ಶನಿವಾರ ಮನೆಗೆ ಎಣ್ಣೆ ತರಬಾರದು. ಆದ್ದರಿಂದ ಹೊಸ ಡಬ್ಬಿ ಶುಕ್ರವಾರವೇ ಬೆಳಗಾವಿಯ ಬಸ್ಸಿನಲ್ಲಿ ಬರಬೇಕಿತ್ತು. ಬರಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ಹಳೆಯ ಎಣ್ಣೆ ಇಳಿಸಿಯೇಬಿಟ್ಟ! ಹೊಸದಿಲ್ಲದೆ ಇದ್ದದ್ದನ್ನು ಯಾವ ಶಾಣ್ಯಾ ತೆಗೆಯುತ್ತಾನೆ ಎಂದರೆ, ಡಬ್ಬಿ ತಡವಾಗಬಹುದು, ತಿಥಿ ಕಾಯುವುದಿಲ್ಲವೆಂದ. ಗಾಡಿಕಾರ ಕೊಡ ತುಂಬಿಸಿಕೊಂಡು ಹೋದ. ಮಾಮಾ ಸ್ನಾನ ಮಾಡಿ ಮಡಿಯುಟ್ಟು ಪೂಜೆಗೆ ಹೊರಟ.

ಅಷ್ಟರಲ್ಲಿ ಕಟಕೋಳದಿಂದ ಮಾಮಿಯ ತಮ್ಮ ಬಂದ. ತಾಯಿ ಅನ್ನ ಬಿಟ್ಟಿದ್ದಾಳೆ, ಮಗಳ ಹೆಸರು ಬಿಟ್ಟರೆ ಬೇರೆ ಮಾತಿಲ್ಲ, ಇಂದು ಬಂದರೆ ಬಂದಂತೆ ಎಂದ. ಅತ್ತ ಹೋಗುವ ಬಸ್ಸು ಇನ್ನು ನಾಳೆಯೇ. ಅಂಗಳದಲ್ಲಿ ಕಾರು ಫಳಫಳ ಹೊಳೆಯುತ್ತ ನಿಂತಿತ್ತು, ಹೊಟ್ಟೆಯಲ್ಲಿ ಒಂದು ತೊಟ್ಟು ಎಣ್ಣೆಯಿಲ್ಲದೆ. ಮಾಮಿ ಅಳಲಿಲ್ಲ. ಕಾರನ್ನೊಮ್ಮೆ ನೋಡಿ ಕಂಬಕ್ಕೆ ಒರಗಿ ಕುಳಿತಳು. ವರ್ಷಗಟ್ಟಲೆ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಮಾಮಾನ ಮೇಲೆ ಸುರಿಯಲು ನಾನು ತಿರುಗಿದೆ. ಮಾಮಾ ಅಲ್ಲಿರಲಿಲ್ಲ.

ಓಡುತ್ತಿದ್ದ! ಮಡಿಯಲ್ಲಿ, ಬರಿಗಾಲಲ್ಲಿ, ಪೇಟೆಯ ನಡುವೆ ಅವರಿವರನ್ನು ತಾಕಿಸಿಕೊಂಡು. ಗಾಡಿಕಾರ ಆಗಲೇ ಸಂಗೊಳ್ಳಿಯ ಹಾದಿ ಹಿಡಿದಿದ್ದ. ಅವನನ್ನು ಊರಾಚೆ ಹಿಡಿದು ನಿಲ್ಲಿಸಿ, ಕೊಡವನ್ನು ತಾನೇ ಹೆಗಲ ಮೇಲೆ ಹೊತ್ತು ತಂದ. ಎಣ್ಣೆಯಲ್ಲಿ ಹೊಟ್ಟು, ಹತ್ತಿಯ ಎಳೆ, ಗಾಡಿಯ ಕರಿ ಧೂಳು ಎಲ್ಲ ಬಿದ್ದಿತ್ತು. ಸೋಸಬೇಕು. ಮಾಮಿ ಒಳಗಿಂದ ಒಂದು ಹಳೆಯ ಪಂಚೆ ತಂದಳು. ಅದರ ನೂಲು ಬಿಟ್ಟು ಎಂಜಿನ್ನಿಗೆ ಹೋದೀತು, ಬೇಡವೆಂದ.

ಆಮೇಲೆ ಹೆಗಲ ಮೇಲಿನ ರೇಶ್ಮೆಯ ಶಲ್ಯ ತೆಗೆದ. ಅದು ಅವನ ತಂದೆ ಪೂಜೆಗೆ ಹೊದೆಯುತ್ತಿದ್ದ ಶಲ್ಯ. ಅದನ್ನು ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಒಗೆದರೆ ಕೋಲಿನಿಂದ ಎತ್ತಿ ಒಣಹಾಕುತ್ತಿದ್ದರು. ಮಾಮಿಯ ಕಡೆ ಅದರ ಒಂದು ತುದಿ ಚಾಚಿದ.

"ಹಿಡಿ."

"ಮಡೀದದರಿ ಅದು" ಎಂದಳು ಮಾಮಿ.

"ಗೊತ್ತದ. ಹಿಡಿ."

ಗಂಡ ಹೆಂಡತಿ ಎರಡು ತುದಿ ಬಿಗಿಹಿಡಿದು ನಿಂತರು. ನಾನು ಎಣ್ಣೆ ಹೊಯ್ದೆ. ಶಲ್ಯ ನಡುವೆ ಕಪ್ಪಾಯಿತು, ಮಾಮಾ ಅತ್ತ ನೋಡಲೇ ಇಲ್ಲ. ಎಂಜಿನ್ ಗುರುಗುಟ್ಟಿತು. ಡಬ್ಬಿಯ ಸೀಟಿನಲ್ಲಿ ಮಾಮಿ ಕುಳಿತಳು, ಶನಿವಾರ, ಅಮಾವಾಸ್ಯೆ, ರಾಹುಕಾಲ ಎಲ್ಲವೂ ಇದ್ದ ಹೊತ್ತಿನಲ್ಲಿ. ಆ ಕಾರು ಅಷ್ಟು ಜೋರಾಗಿ ಓಡಬಲ್ಲದೆಂದು ಅಂದೇ ನನಗೆ ತಿಳಿದದ್ದು. ಕಡ್ಡಿ ನೋಡಲು ಹಾದಿಯಲ್ಲಿ ಒಮ್ಮೆಯೂ ನಿಲ್ಲಿಸಲಿಲ್ಲವಂತೆ.

ಮರುದಿನ ನಾನೂ ಮಾಮಿಯ ತಮ್ಮನೂ ಬಸ್ಸಿನಲ್ಲಿ ಕಟಕೋಳ ಮುಟ್ಟಿದಾಗ ಮುದುಕಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಗಂಜಿ ಕುಡಿಯುತ್ತಿದ್ದಳು. ಪಂಚಮಿ ಮುಗಿಸಿಕೊಂಡೇ ಮುದುಕಿ ಕಣ್ಣುಮುಚ್ಚಿದಳು. ಮಗಳ ಕೈಯಿಂದ ಒಂದು ಚೂರು ಎಳ್ಳುಂಡೆಯನ್ನೂ ತಿಂದಿದ್ದಳು.

ಮುಂದಿನ ಅಮಾವಾಸ್ಯೆಗೆ ಗಾಡಿಕಾರ ಕೊಡ ಹಿಡಿದು ಬಂದ. ಮಾಮಾ ಕಾರಿನ ಕೆಳಗಿರಲಿಲ್ಲ. ಎಷ್ಟು ತಿಕ್ಕಿದರೂ ಕಲೆ ಹೋಗದ ಅದೇ ಶಲ್ಯ ಹೊದ್ದು ಪೂಜೆ ಮುಗಿಸಿ ಹೊರಗೆ ಬಂದ.

"ಇಲ್ಲಪಾ. ಈ ಎಣ್ಣಿ ತಗಿಯೂದಿಲ್ಲ" ಎಂದ.

ಗಾಡಿಕಾರ ಬರಿಗೊಡ ಹಿಡಿದು ಹೋದ ಮೇಲೆ ಮಾಮಾ ತಡವಾಗಿ ಬಂದು ಸೀಟಿನ ಮೇಲಿದ್ದ ಡಬ್ಬಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟು ಸೀಟು ಒರೆಸಿದ. ಮಾಮಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಎಂದು ಕೇಳಿದಳು. ಹೋಗಲು ಅವಳಿಗೆ ಇನ್ನು ತಾಯಿಯ ಮನೆಯಿರಲಿಲ್ಲ. ಮಾಮಾ ಕಾರಿನ ಬಾಗಿಲು ತೆರೆದು ಹಿಡಿದ.

"ಎಲ್ಲಿಗ್ಯಾದರೂ ಆಗಲಿ" ಎಂದ. "ಎಣ್ಣಿ ಕೂತದ. ನೀನೂ ಕೂಡು ಬಾ."