ಸುಮ್ಮಸುಮ್ಮನೆ ಆರಿಹೋಗುತ್ತಿದ್ದ ಗೀಸರ್ ಮಹಾಶಯರಿಗೆ ಸೊಸೆಯೊಬ್ಬಳ ಅಹವಾಲು

ಬಚ್ಚಲುಮನೆಯ ಗೋಡೆಯಲ್ಲಿ ಎರಡು ಮೊಳೆಗಳ ಆಧಾರದಿಂದ ವಿರಾಜಮಾನರಾಗಿದ್ದ ಗ್ಯಾಸ್ ಗೀಸರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೈ ಬಿಸಿಯಾಗಿಯೂ ಮನಸ್ಸು ತಣ್ಣಗೂ ಇರಲೆಂದು ಹಾರೈಸಿ, ಈ ಮನೆಯ ಸೊಸೆಯೂ ಪ್ರೌಢಶಾಲೆಯ ಗಣಿತ ಶಿಕ್ಷಕಿಯೂ ಆದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ದಯಮಾಡಿಸಿದ ಮೂರೇ ತಿಂಗಳಲ್ಲಿ ನನಗೂ ನನ್ನ ಅತ್ತೆಯವರಿಗೂ ಮಾತು ಬಿಡಿಸಿದಿರಿ. ಹನ್ನೊಂದು ವರ್ಷ ನೆಂಟರಿಷ್ಟರೆಲ್ಲ ಸೇರಿ ಯತ್ನಿಸಿಯೂ ಸಾಧಿಸಲಾಗದ ಕೆಲಸವಿದು, ಅಭಿನಂದನೆಗಳು.

ಮೊದಲ ಸಲ ತಾವು ಹೊತ್ತಿಕೊಳ್ಳದೆ ಬರೀ ಟಕಟಕ ಎಂದಾಗ ಬ್ಯಾಟರಿ ಬದಲಿಸಿದೆ. ಎರಡನೆಯ ಸಲ ನೀರು ದಾರದಂತೆ ಇಳಿದಾಗ, ಪೈಪಿನ ಜಾಲರಿ ಬಿಚ್ಚಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮರಳು ತೆಗೆದೆ. ಮೂರನೆಯ ಸಲ ಸಿಲಿಂಡರ್ ಖಾಲಿಯಾಗಿತ್ತು. ಅದರಲ್ಲಿ ತಮ್ಮ ತಪ್ಪಿಲ್ಲ, ಹೊಟ್ಟೆಗಿಲ್ಲದೆ ಯಾರು ತಾನೇ ದುಡಿಯುತ್ತಾರೆ. ಆದರೆ ಚಳಿ ಬಲಿತ ಮೇಲೆ ತಾವು ಎಲ್ಲ ಸರಿಯಿದ್ದೂ ಆರತೊಡಗಿದಿರಿ. ಐದೇ ನಿಮಿಷದಲ್ಲಿ ಮುಗಿಸಿ ಶಾಲೆಗೆ ಓಡುವ ನನ್ನ ಸರದಿಯಲ್ಲಿ ಒಮ್ಮೆಯೂ ಆರದವರು, ನಿಧಾನವಾಗಿ ಸ್ನಾನ ಮಾಡುವ ಅತ್ತೆಯವರು ತಲೆಗೆ ಸೋಪು ಹಚ್ಚಿಕೊಂಡ ಗಳಿಗೆಯನ್ನೇ ಕಾದು ಕಣ್ಣು ಮುಚ್ಚುತ್ತಿದ್ದಿರಿ. ನಾನೇ ಹೊರಗಿನಿಂದ ಗ್ಯಾಸ್ ತಿರುಗಿಸುತ್ತೇನೆಂದು ಅತ್ತೆಯವರಿಗೆ ಖಾತ್ರಿಯಾಯಿತು. “ನನ್ನ ಮೇಲೆ ತಣ್ಣೀರು ಎರಚೋಕೆ ಇಷ್ಟು ವರ್ಷ ನಿನ್ನ ನಾಲಿಗೆ ಸಾಕಾಗಿತ್ತು, ಈಗ ಮಿಷನ್ನು ಬೇರೆ ತಂದಿಟ್ಟಿದ್ದೀಯ” ಎಂದರು. ಅಂದಿನಿಂದ ನಾವಿಬ್ಬರೂ ಉಪ್ಪು ಬೇಕಾದರೂ ಗೋಡೆಯನ್ನು ಕೇಳುತ್ತಿದ್ದೆವು.

ಕೊನೆಗೆ ಬೀದಿ ತುದಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸರ್ವಜ್ಞರೊಬ್ಬರನ್ನು ಕರೆಸಿದೆ. ಅವರು ತಮ್ಮ ಮುಚ್ಚಳ ಬಿಚ್ಚಿ, “ಈ ಸೆನ್ಸರೇ ಸುಮ್ಮಸುಮ್ನೆ ಕಟ್ ಮಾಡ್ತಿದೆ ಮೇಡಂ. ತೆಗೆದುಬಿಟ್ರೆ ಕೇಳಿದಷ್ಟು ಹೊತ್ತು ಉರಿಯುತ್ತೆ” ಎಂದರು. “ತೆಗೀರಿ” ಎಂದವಳು ನಾನು. ಮರುದಿನದಿಂದ ತಾವು ತೋರಿದ ವಿಧೇಯತೆಯನ್ನು ಏನೆಂದು ಹೊಗಳಲಿ! ತಮ್ಮ ನೀಲಿ ಜ್ವಾಲೆ ಹಳದಿಗೆ ತಿರುಗಿದ್ದನ್ನು ಕಂಡು ಒಳ್ಳೆ ಚಿನ್ನದ ಬಣ್ಣವೆಂದು ಮೆಚ್ಚಿದವಳೂ ನಾನೇ.

ಭಾನುವಾರ ಅತ್ತೆಯವರು ಸ್ನಾನಕ್ಕೆ ಹೋಗಿ ಅರ್ಧ ಗಂಟೆಯಾಗಿತ್ತು. ನಾನು ಹೊರಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನೀರು ಬೀಳುವ ಸದ್ದು ಕೇಳುತ್ತಿತ್ತು, ಚೊಂಬಿನ ಸದ್ದು ನಿಂತಿತ್ತು. ಬಾಗಿಲು ತಟ್ಟೋಣವೆಂದರೆ ಮಾತು ಬಿಟ್ಟ ಅಭಿಮಾನ ಅಡ್ಡ ಬಂತು. ಇನ್ನೂ ಎರಡು ಪತ್ರಿಕೆ ತಿದ್ದಿದೆ. ಅವಕ್ಕೆ ಎಷ್ಟು ಅಂಕ ಕೊಟ್ಟೆನೋ ಇವತ್ತಿಗೂ ನೋಡಲು ಧೈರ್ಯವಾಗಿಲ್ಲ. ಆಮೇಲೆ “ಅತ್ತೇ, ಆಯ್ತಾ?” ಎಂದೆ. ಉತ್ತರವಿಲ್ಲ. ಭುಜ ಕೊಟ್ಟು ನೂಕಿದಾಗ ನಾಲ್ಕನೆಯ ಸಲಕ್ಕೆ ಚಿಲಕ ಕಿತ್ತು ಬಂತು. ಅತ್ತೆಯವರು ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದರು. ಕಣ್ಣು ತೆರೆದಿತ್ತು, ಗುರುತು ಹತ್ತುತ್ತಿರಲಿಲ್ಲ. ತಮ್ಮನ್ನು ಆರಿಸಿ, ಅವರಿಗೆ ಹೊದಿಕೆ ಸುತ್ತಿ, ಎಳೆದುಕೊಂಡೇ ಹೊರಗಿನ ಗಾಳಿಗೆ ತಂದೆ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆ ಮುಟ್ಟಿದೆವು. ಆಮ್ಲಜನಕ ಕೊಟ್ಟ ಡಾಕ್ಟರು, “ಇನ್ನು ಹತ್ತು ನಿಮಿಷ ತಡವಾಗಿದ್ರೆ ನಾನು ಬೇರೆ ಮಾತು ಹೇಳಬೇಕಾಗ್ತಿತ್ತು” ಎಂದರು.

ಮರುದಿನ ಬಂದ ಗೀಸರ್ ಮೆಕ್ಯಾನಿಕ್ ನಡೆದದ್ದನ್ನೆಲ್ಲ ನನ್ನಿಂದ ಕೇಳಿ, ತಮ್ಮನ್ನು ಮುಟ್ಟಲೇ ಇಲ್ಲ. ನೇರವಾಗಿ ಗೋಡೆಯ ಮೇಲಿನ ಗಾಳಿಕಿಂಡಿಗೆ ಕೈ ಹಾಕಿ, ಸುರುಳಿ ಸುತ್ತಿ ತುರುಕಿದ್ದ ರಟ್ಟನ್ನು ಹೊರಗೆಳೆದರು. ಅದು ತ್ರಿಕೋನಗಳನ್ನು ಬರೆದ ನನ್ನದೇ ಪಾಠದ ಚಾರ್ಟು. ಮಾತು ಬಿಡುವ ಮುಂಚೆ, ಗಾಳಿ ಬೀಸಿ ಚಳಿಯಾಗುತ್ತದೆಂದು ಅತ್ತೆಯವರು ದೂರಿದ್ದಕ್ಕೆ, ಒಳ್ಳೆಯ ಸೊಸೆ ಎನಿಸಿಕೊಳ್ಳಲು, ಸ್ಟೂಲು ಹತ್ತಿ ನಾನೇ ತುರುಕಿದ್ದೆ. “ಇದು ಕೆಟ್ಟೇ ಇರ್ಲಿಲ್ಲ ಮೇಡಂ. ಗಾಳಿ ಸಾಲದೆ ವಿಷದ ಹೊಗೆ ತುಂಬ್ತಿದೆ ಅಂತ ತಾನೇ ಆರಿ ಹೇಳ್ತಿತ್ತು. ನೀವು ಅದರ ಬಾಯಿ ಮುಚ್ಚಿಸಿದ್ರಿ” ಎಂದರು.

ಆದುದರಿಂದ ಮಾನ್ಯರೇ, ನನ್ನ ದೂರು ಇಷ್ಟೇ: ತಾವು ಅತಿಯಾದ ಸಭ್ಯರು. ಇನ್ನು ಮುಂದೆ ಸದ್ದಿಲ್ಲದೆ ಆರುವ ಬದಲು, ಬೀದಿಗೆಲ್ಲ ಕೇಳುವಂತೆ “ದಡ್ಡಿ, ಮೊದಲು ಕಿಂಡಿ ತೆಗಿ” ಎಂದು ಬೈಯುವ ಕೃಪೆ ಮಾಡಬೇಕು. ಹೊಸ ಸೆನ್ಸರಿನೊಂದಿಗೆ ತಮ್ಮನ್ನು ಹೊರಗೋಡೆಯ ಬಯಲಿಗೆ ವರ್ಗಾಯಿಸಲಾಗಿದೆ. ಇದನ್ನು ಶಿಕ್ಷೆಯೆಂದು ತಿಳಿಯದೆ ಬಡ್ತಿಯೆಂದು ಭಾವಿಸತಕ್ಕದ್ದು.

ಅತ್ತೆಯವರು ಆಸ್ಪತ್ರೆಯಲ್ಲಿ ಆಡಿದ ಮೊದಲ ಮಾತು, “ಬದುಕಿಸಿದೆ, ಸರಿ. ಒಳ್ಳೆ ಬಾಗಿಲು ಕಣೇ ಅದು.” ಚಿಲಕ ಹಾಕಿಸುತ್ತೇನೆಂದರೆ ಈಗ ಅವರೇ ಬೇಡವೆನ್ನುತ್ತಾರೆ. ಬಾಗಿಲು ಮುಂದೆ ಮಾಡಿಕೊಂಡು ಸ್ನಾನ ಮಾಡುತ್ತಾರೆ, ನಾನು ಹೊರಗೆ ಕೂತು ನಿಮಿಷಕ್ಕೊಮ್ಮೆ “ಅತ್ತೇ?” ಎನ್ನುತ್ತೇನೆ. “ಇದ್ದೀನಿ ಕಣೇ, ಎಲ್ಲಿಗೆ ಹೋಗ್ಲಿ” ಎನ್ನುತ್ತಾರೆ.

ಇತಿ,
ತಾವು ಉರಿದಾಗಲೂ, ಅದಕ್ಕಿಂತ ಹೆಚ್ಚಾಗಿ ಆರಿದಾಗಲೂ,
ತಮ್ಮ ವಿಶ್ವಾಸಿ,
ಈ ಮನೆಯ ಸೊಸೆ

ತಾ.ಕ.: ಆ ಭಾನುವಾರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕ್ರಿಕೆಟ್ ನೋಡುತ್ತಿದ್ದು, ಕಾರು ಗೇಟು ದಾಟುವಾಗ ಕಿಟಕಿಯಿಂದ “ಎಲ್ಲರೂ ಎಲ್ಲಿಗೆ ಹೊರಟ್ರಿ?” ಎಂದು ವಿಚಾರಿಸಿದ ನನ್ನ ಯಜಮಾನರಿಗೂ, ಮನೆಯಲ್ಲಿ ಉಸಿರುಗಟ್ಟುವ ಪರಿಸ್ಥಿತಿ ಬಂದರೆ ಗೊತ್ತಾಗುವಂಥ ಸೆನ್ಸರೊಂದನ್ನು ಅಳವಡಿಸಬಹುದೇ ಎಂದು ತಮ್ಮ ತಯಾರಕರಲ್ಲಿ ವಿಚಾರಿಸಿ ತಿಳಿಸುವುದು. ಮಾಡೆಲ್ಲು ಸ್ವಲ್ಪ ಹಳೆಯದು.