ಭಾವನ ಹಳೇ ಆಂಪ್ಲಿಫೈಯರು, ಅಕ್ಕನ ಕಿವಿ

ಸತ್ತ ಯಂತ್ರಗಳನ್ನು ಮನೆಗೆ ತಂದು ಎರಡನೇ ಸಲ ಸಾಯಿಸುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರು ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ತೋರಿಸಿ, ನನ್ನ ಗೊಬ್ಬರದ ಅಂಗಡಿಯನ್ನೇ ಅವರ ಹೆಸರಿಗೆ ಬರೆದುಕೊಡುತ್ತೇನೆ! ಭಾವನ ಮನೆ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಈಗ ಸೌದೆಗೆ ಜಾಗವಿಲ್ಲ. ಆಂಪ್ಲಿಫೈಯರು, ಸ್ಪೀಕರು, ಟೇಪ್ ಡೆಕ್ಕು ಎಲ್ಲ ಹೊಟ್ಟೆ ಬಿಚ್ಚಿಕೊಂಡು ಸಾಲಾಗಿ ಮಲಗಿವೆ. ನಾನು ಅದನ್ನು ಸ್ಮಶಾನ ಅನ್ನುತ್ತೇನೆ, ಭಾವ ಸ್ಟೋರ್ ರೂಮು ಅನ್ನುತ್ತಾರೆ.

ಸೆಕೆಂಡ್ ಹ್ಯಾಂಡ್ ಅಂದರೆ ಮಾತ್ರ ಅವರಿಗೆ ಕೆಟ್ಟ ಸಿಟ್ಟು ಬರುತ್ತದೆ.

"ರಿಫರ್ಬಿಷ್ಡ್ ಅನ್ನು ಮಾರಾಯ. ಕೆಟ್ಟಿದ್ದನ್ನೆಲ್ಲ ಬದಲಾಯಿಸಿ, ತೊಳೆದು ಒರೆಸಿ, ಪರೀಕ್ಷೆ ಮಾಡಿ ಕೊಡ್ತಾರೆ."

"ಹೆಣಕ್ಕೂ ಸ್ನಾನ ಮಾಡಿಸಿ ಹೊಸ ಬಟ್ಟೆ ಹಾಕ್ತಾರೆ ಭಾವ. ಎದ್ದು ಓಡಾಡುತ್ತಾ?"

"ನಿನ್ನ ಬಾಯಲ್ಲಿ ಒಳ್ಳೇ ಮಾತು ಬರೋದೇ ಇಲ್ಲ ನೋಡು."

ಬರುವುದಿಲ್ಲ, ನಿಜ. ಯಾಕೆ ಬರುವುದಿಲ್ಲ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಭಾವ ಈ ಡಬ್ಬಗಳನ್ನು ತರುವುದು ತಮಗಾಗಿ ಅಲ್ಲ, ನನ್ನ ಅಕ್ಕನಿಗಾಗಿ. ಅಕ್ಕನ ಕಿವಿ ಹೋಗುತ್ತಿದೆ. ಮೊದಲು ಕುಕ್ಕರಿನ ಸೀಟಿ ಕೇಳಿಸಲಿಲ್ಲ, ನಾವು ನಕ್ಕೆವು. ಆಮೇಲೆ ಒಂದು ಆಷಾಢದಲ್ಲಿ ಹೆಂಚು ಒಡೆದುಹೋಗುವ ಹಾಗೆ ಮಳೆ ಹೊಯ್ಯುತ್ತಿದ್ದಾಗ, ಬಟ್ಟೆ ಮಡಚುತ್ತಾ ಕೂತಿದ್ದವಳು ಬಾಗಿಲ ಕಡೆ ನೋಡದೆ "ಮಳೆ ನಿಂತಿತಾ?" ಎಂದು ಕೇಳಿದಳು. ಆವತ್ತು ಯಾರೂ ನಗಲಿಲ್ಲ.

ಚಿಕ್ಕಮಗಳೂರಿನ ಡಾಕ್ಟರು ನೋಡಿ, ನರದ ತೊಂದರೆ, ಇನ್ನೂ ಕಮ್ಮಿಯಾಗುತ್ತಾ ಹೋಗುತ್ತೆ, ಆಪರೇಷನ್ ಮಾಡಿದರೂ ಭರವಸೆ ಕೊಡಲಾರೆ ಅಂದರು. ಕಿವಿಗೆ ಮೆಷಿನ್ ಹಾಕಿಸಿದೆವು. ಅದರಲ್ಲಿ ಪಾತ್ರೆ ಇಟ್ಟರೆ ಗುಡುಗಿದ ಹಾಗಂತೆ, ಹಾಡು ಹಾಕಿದರೆ ತಗಡು ಉಜ್ಜಿದ ಹಾಗಂತೆ. ಅಕ್ಕ ಎಂಥ ಹಾಡುಗಾರ್ತಿ ಗೊತ್ತಾ ನಿಮಗೆ? ನಮ್ಮ ಕಡೆ ಯಾರ ಮನೆ ಮದುವೆಯಾದರೂ ಆರತಿ ಹಾಡಿಗೆ ಅವಳೇ ಆಗಬೇಕಿತ್ತು. ಮೆಷಿನ್ ತೆಗೆದು ಡಬ್ಬಿಯಲ್ಲಿಟ್ಟವಳು ಹಾಡುವುದನ್ನೂ ಬಿಟ್ಟಳು.

ಆಗ ಭಾವನ ತಲೆಯಲ್ಲಿ ಒಂದು ಸಿದ್ಧಾಂತ ಹುಟ್ಟಿತು. ಅಕ್ಕ ಹಾಡು ಕಲಿತದ್ದು ನಮ್ಮಪ್ಪನ ಮನೆಯಲ್ಲಿದ್ದ ದೊಡ್ಡ ಮರದ ಪೆಟ್ಟಿಗೆಯ ಸ್ಟೀರಿಯೋ ಸೆಟ್ಟಿನಿಂದ.

"ಅವಳ ಕಿವಿಗೆ ಗುರುತಿರೋದು ಆ ದನಿ. ಈಗಿನ ಪ್ಲಾಸ್ಟಿಕ್ಕು ಅದಕ್ಕೆ ಅಪರಿಚಿತ. ಗುರುತಿನವರು ಬಂದು ಕರೆದ್ರೆ ಕಿವಿ ತಾನೇ ಬಾಗಿಲು ತೆಗೆಯುತ್ತೆ."

"ಡಾಕ್ಟರ ಹತ್ರ ಹೇಳಿದ್ರಾ ಇದನ್ನ?"

"ಹೇಳಿದೆ. ನಕ್ಕರು. ಅವರಿಗೆ ಸಂಗೀತ ಗೊತ್ತಿಲ್ಲ."

ಮೊದಲ ಆಂಪ್ಲಿಫೈಯರು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂತು. ಕಿಟಕಿ ಪಕ್ಕದ ಸೀಟಿನಲ್ಲಿ ಕಂಬಳಿ ಹೊದ್ದು ಅದು ಕೂತಿತ್ತು, ಭಾವ ಅಷ್ಟು ದೂರವೂ ನಿಂತುಕೊಂಡು ಬಂದಿದ್ದರು. ಕಂಡಕ್ಟರು ಅದಕ್ಕೂ ಫುಲ್ ಟಿಕೆಟ್ ಹರಿದಿದ್ದ! ಮನೆಗೆ ತಂದು, ಅರಿಶಿನ ಕುಂಕುಮ ಇಟ್ಟು, ಅಕ್ಕನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿದರು. ನಮ್ಮ ಕಡೆಯ ಕರೆಂಟು ದೂರದ ನೆಂಟರ ಹಾಗೆ, ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದರೆ ಮೈಮೇಲೇ ಬರುತ್ತದೆ. ಪಲ್ಲವಿ ಮುಗಿಯುವುದರೊಳಗೆ ಆಂಪ್ಲಿಫೈಯರಿನ ನೆತ್ತಿಯಿಂದ ಹೊಗೆ ಎದ್ದಿತು. ಹಾಡು ಕೇಳದಿದ್ದರೂ ಮೂಗು ಚುರುಕಾಗಿದ್ದ ಅಕ್ಕ "ಅಯ್ಯೋ, ಒಲೆ ಮೇಲೆ ಪಲ್ಯ ಸೀದುಹೋಯ್ತು!" ಎಂದು ಅಡುಗೆಮನೆಗೆ ಓಡಿದಳು.

ಭಾವ ಬೆಂಗಳೂರಿನ ಅಂಗಡಿಯವನಿಗೆ ಫೋನು ಹಚ್ಚಿದರು. ವೋಲ್ಟೇಜಿಗೆ ವಾರಂಟಿ ಬರಲ್ಲ ಸಾರ್, ಅಂದ. ತೇವಕ್ಕೆ? ಅದಕ್ಕೂ ಬರಲ್ಲ. ಇಲಿಗೆ? ಬರಲ್ಲ. ಮತ್ತೆ ಯಾವುದಕ್ಕಯ್ಯಾ ಬರುತ್ತೆ ನಿನ್ನ ವಾರಂಟಿ? "ಹಾಗೇ ಇಟ್ಟಿದ್ರೆ ಏನೂ ಆಗಲ್ಲ ಸಾರ್" ಅಂದನಂತೆ.

ಆಮೇಲೆ ಸ್ಪೀಕರುಗಳ ಸರದಿ. ಆಳೆತ್ತರದ ಒಂದು ಜೋಡಿ ಬಂತು. ಮಳೆಗಾಲ ಮುಗಿಯುವುದರೊಳಗೆ ಅವಕ್ಕೆ ಗಡ್ಡದ ಹಾಗೆ ಬೂಷ್ಟು ಬೆಳೆದಿತ್ತು. ಅವರ ತೋಟದಲ್ಲಿ ಕಾಫಿ ಕುಯ್ಲು ಶುರುವಾಗಿ ಕಣದಲ್ಲಿ ಪಾರ್ಚ್‌ಮೆಂಟು, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ಒಣಗಲು ಹರಡಿದಾಗ, ಭಾವ ಅದರ ನಡುವೆಯೇ ಸ್ಪೀಕರುಗಳನ್ನು ಬಿಸಿಲು ಕಾಯಿಸಲು ಮಲಗಿಸಿದರು. ಆಳುಗಳು ಕಾಫಿ ಕೆದಕುತ್ತಿದ್ದರೆ ಇವರು ಗಳಿಗೆಗೊಮ್ಮೆ ಸ್ಪೀಕರನ್ನು ಮಗ್ಗುಲು ಬದಲಾಯಿಸುತ್ತಿದ್ದರು. ಒಂದು ಮಧ್ಯಾಹ್ನ, ಬರಬಾರದ ಹೊತ್ತಿನಲ್ಲಿ ಮಳೆ ಬಂತು. ಎಲ್ಲರೂ ಟಾರ್ಪಾಲು ಟಾರ್ಪಾಲು ಎಂದು ಕೂಗುತ್ತಾ ಓಡಿದರು. ಕೈಗೆ ಸಿಕ್ಕ ದೊಡ್ಡ ಟಾರ್ಪಾಲನ್ನು ಭಾವ ಎಳೆದುಕೊಂಡು ಹೋಗಿ ಸ್ಪೀಕರಿಗೆ ಹೊದಿಸಿದರು!

"ಅಯ್ಯಾ, ಕಾಫಿ! ಕಾಫಿ ನೆನೀತಾ ಇದೆ ಅಯ್ಯಾ!" ಮೇಸ್ತ್ರಿ ಬಾಯಿ ಬಾಯಿ ಬಡಿದುಕೊಂಡ.

"ಕಾಫಿ ಮುಂದಿನ ವರ್ಷ ಮತ್ತೆ ಬಿಡುತ್ತೆ. ಅವಳ ಕಿವಿ ಬಿಡುತ್ತೇನೋ?"

ಮೇಸ್ತ್ರಿ ಇನ್ನೊಂದು ಟಾರ್ಪಾಲು ಹುಡುಕಲು ಓಡಿದ. ಮಳೆಯಲ್ಲಿ ನಿಂತಿದ್ದ ನಾನು ಸ್ಪೀಕರಿನ ಟಾರ್ಪಾಲಿನ ಅಂಚಿಗೆ ಕಲ್ಲು ಹೇರಿದೆ. ಆ ವರ್ಷ ಕಾಫಿ ಕೊಳ್ಳುವ ಕ್ಯೂರಿಂಗ್ ವರ್ಕ್ಸಿನವರು ಭಾವನ ಪಾರ್ಚ್‌ಮೆಂಟು ಮೂಸಿ ನೋಡಿ ಮುಖ ಸಿಂಡರಿಸಿದರು.

ಇಷ್ಟು ಮಾಡಿ ಕಾಪಾಡಿದ ಸ್ಪೀಕರು ಏನಾಯಿತು ಅಂತೀರಾ? ಒಳಗೆ ತಂದು ಹಾಡು ಹಾಕಿದರೆ ಹಿಂದೆ ಒಂದೇ ಸಮನೆ ಗುಂಯ್ ಅನ್ನುವ ಶ್ರುತಿ. "ಕೇಳು ಕೇಳು, ತಂಬೂರಿ ಎಷ್ಟು ಸೊಗಸಾಗಿ ಬರ್ತಿದೆ!" ಎಂದು ಭಾವ ಪೆಟ್ಟಿಗೆಗೆ ಕಿವಿ ಇಟ್ಟರು. ಒಳಗೆ ಕಣಜದ ಗೂಡಿತ್ತು. ಕಚ್ಚಿದ್ದೂ ಸರಿಯಾಗಿ ಕಿವಿಗೇ. ಒಂದು ವಾರ ಗಂಡ ಹೆಂಡತಿ ಇಬ್ಬರಿಗೂ ಸರಿಯಾಗಿ ಕೇಳುತ್ತಿರಲಿಲ್ಲ, ಮನೆಯಲ್ಲಿ ಎಲ್ಲ ಕೈಸನ್ನೆ!

ಇದೆಲ್ಲ ಹೋಗಲಿ. ವಸ್ತಾರೆ ಹತ್ತಿರ ದೂರದ ನೆಂಟರೊಬ್ಬರು ತೀರಿಕೊಂಡರು, ಸಂಗೀತದ ಹುಚ್ಚಿದ್ದ ಪ್ಲಾಂಟರು. ಮಣ್ಣಿಗೆ ಹೋದೆವು. ಹಜಾರದಲ್ಲಿ ಹೆಣ, ಸುತ್ತ ಹೆಂಗಸರ ಅಳು. ಭಾವ ಕೈಮುಗಿದವರು ಕಣ್ಣು ತೆರೆದದ್ದು ಮೂಲೆಯ ಕಡೆಗೆ. ಅಲ್ಲಿ ಒಂದು ಹಳೇ ಆಂಪ್ಲಿಫೈಯರು, ಅಕ್ಕಪಕ್ಕ ಮರದ ಸ್ಪೀಕರು. ನಮ್ಮಪ್ಪನ ಮನೆಯದರ ತದ್ರೂಪು! ನಾನು ನೋಡುತ್ತಿದ್ದ ಹಾಗೆಯೇ ಮನುಷ್ಯ ಗೋಡೆಗೆ ಆತುಕೊಂಡು ಅದರ ಬೆನ್ನು ಇಣುಕುತ್ತಿದ್ದಾರೆ.

"ಭಾವ, ಹೆಣ ಈ ಕಡೆ ಇದೆ" ಅಂದೆ ಮೆಲ್ಲಗೆ.

"ಗೊತ್ತು ಮಾರಾಯ. ವೈರು ಒರಿಜಿನಲ್ಲು!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಆ ಮನೆಯ ಅಮ್ಮ ಅಷ್ಟು ಅಳುವಿನ ನಡುವೆಯೂ ನೋಡಿದ್ದರು. ತಿಥಿಯ ದಿನ ಭಾವನನ್ನು ಕರೆದು, "ಅವರಿಲ್ಲದೆ ಇದನ್ನ ಹಾಕೋಕೆ ನನ್ನ ಕೈಲಿ ಆಗಲ್ಲ. ನಿಮ್ಮ ಮನೇಲಾದ್ರೂ ಹಾಡ್ಲಿ, ತಗೊಂಡು ಹೋಗಿ" ಅಂದರು. ತಿಥಿ ಊಟಕ್ಕೆ ಹೋದವರು ವಡೆ ಕಟ್ಟಿಸಿಕೊಂಡು ಬರುತ್ತಾರೆ, ನಮ್ಮ ಭಾವ ಆಂಪ್ಲಿಫೈಯರು ಕಟ್ಟಿಸಿಕೊಂಡು ಬಂದರು.

ಸ್ಟೆಬಿಲೈಸರು ಹಾಕಿ, ಹಜಾರದಲ್ಲಿ ಬಚ್ಚಲ ಹಂಡೆ ಒಲೆಯ ಗೋಡೆಗೆ ಒತ್ತಿ ಬೆಚ್ಚಗೆ ಇಟ್ಟದ್ದಕ್ಕೋ ಏನೋ, ಅದೊಂದು ಸಾಯಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಬೆತ್ತದ ಕುರ್ಚಿಯಲ್ಲಿ ಕೂರಬೇಕು, ಭಾವ ಹಾಡು ಹಾಕಿ, ದಪ್ಪ ದನಿಯ ಬಾಸ್ ತಿರುಪು ಸರಿಮಾಡಿ ಹುಬ್ಬೇರಿಸಬೇಕು, ಅಕ್ಕ "ಕೇಳ್ತು" ಎಂದು ತಲೆಯಾಡಿಸಬೇಕು. ಭಾವನ ಮುಖ ಅರಳುತ್ತಿತ್ತು. ನಿಜಕ್ಕೂ ಕೇಳಿಸುತ್ತಿದೆ ಎಂದು ನಾನೂ ನಂಬಿದ್ದೆ.

ಈ ಮಳೆಗಾಲದಲ್ಲಿ ಹೋದಾಗ ಅಕ್ಕ ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದಳು, "ನಂಗೆ ಈಗ ಏನೂ ಕೇಳಲ್ಲ ಕಣೋ. ಪೂರ್ತಿ ಹೋಯ್ತು. ಅವ್ರಿಗೆ ಹೇಳ್ಬೇಡ, ಎದೆ ಒಡ್ಕೊಳ್ತಾರೆ."

ಪಿಸುಗುಟ್ಟುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು, ಪಾಪ. ತನ್ನ ದನಿ ತನಗೇ ಕೇಳದವಳಿಗೆ ಅಂದಾಜು ಎಲ್ಲಿಂದ ಬರಬೇಕು? ಅಂಗಳದಲ್ಲಿದ್ದ ನಾಯಿ ಕೂಡ ಎದ್ದು ನಿಲ್ಲುವಷ್ಟು ಜೋರಾಗಿ ಹೇಳಿದ್ದಳು. ನಾನು ಗಾಬರಿಯಿಂದ ಹಜಾರಕ್ಕೆ ಬಂದೆ. ಭಾವ ನಮಗೆ ಬೆನ್ನು ಹಾಕಿ ಆಂಪ್ಲಿಫೈಯರು ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

"ಊಟ ಆಯ್ತಲ್ಲ, ಅಕ್ಕನ್ನ ಕರಿ" ಅಂದರು, ತಿರುಗಿ ನೋಡದೆ.

ಅಕ್ಕ ಬಂದು ಕೂತಳು. ಹಾಡು ಶುರುವಾಯಿತು. ಅವಳು ಎಂದಿನಂತೆ ತಲೆಯಾಡಿಸಿ, ಕಣ್ಣು ಮುಚ್ಚಿ, ಮಂಡಿಯ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದಳು. ಮೊದಲ ಚರಣ ಬರುವಷ್ಟರಲ್ಲಿ ಕರೆಂಟು ಹೋಯಿತು. ದನಿ ನಿಂತಿತು, ಆಂಪ್ಲಿಫೈಯರಿನ ಕೆಂಪು ದೀಪ ಆರಿತು, ಹೆಂಚಿನ ಮೇಲಿನ ಮಳೆ ಮಾತ್ರ ಉಳಿಯಿತು. ಅಕ್ಕನ ಬೆರಳು ನಿಲ್ಲಲಿಲ್ಲ.

"ಭಾವ, ಕರೆಂಟು..." ಎಂದು ಪಿಸುಗುಟ್ಟಿದೆ.

"ಯಾಕೋ ಪಿಸುಗುಟ್ತೀಯ? ಅವಳಿಗೆ ಕೇಳುತ್ತಾ?" ಅಂದರು ಭಾವ. "ಇನ್ನೂ ಎರಡು ಚರಣ ಇದೆ. ಕೂತ್ಕೋ."

ಕೂತೆ. ಭಾವ ತಮ್ಮ ತೊಡೆಯ ಮೇಲೆ ಅದೇ ತಾಳ ಹಾಕುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ತೆರೆದಳು. ಆರಿದ ದೀಪ ನೋಡಿದಳು. ತಾಳ ಹಾಕುತ್ತಿದ್ದ ಗಂಡನ ಕೈ ನೋಡಿದಳು, ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು.

"ರೀ, ಬಾಸು ಜಾಸ್ತಿ ಆಯ್ತು. ಒಂಚೂರು ಕಮ್ಮಿ ಮಾಡಿ" ಅಂದಳು.

ಭಾವ ಎದ್ದು ಹೋದರು. ಉಸಿರಿಲ್ಲದ ಆ ಆಂಪ್ಲಿಫೈಯರಿನ ಬಾಸ್ ತಿರುಪನ್ನು ಒಂಚೂರೇ ಒಂಚೂರು ಹಿಂದಕ್ಕೆ ತಿರುಗಿಸಿ, ಸರಿಹೋಯ್ತಾ ಎಂದು ಹುಬ್ಬೇರಿಸಿದರು.

"ಹಾಂ, ಈಗ ಚೆನ್ನಾಗಿದೆ" ಅಂದಳು ಅಕ್ಕ.